ಕಾಫಿ ಪಾತ್ರೆಯಿಂದ ಕೊನೆಯಿಲ್ಲದ ಪುಟದವರೆಗೆ

ಬೆಳಗಿನ ಹೊತ್ತು. ಫಿಲ್ಟರಿಗೆ ಕಾಫಿಪುಡಿ ಹಾಕಿ, ಕುದಿಯುವ ನೀರು ಸುರಿದು ಮುಚ್ಚಿಟ್ಟಾಗಿದೆ. ಡಿಕಾಕ್ಷನ್ ಇಳಿಯಿತೇ? ತಿಳಿಯಬೇಕಾದರೆ ಇರುವುದು ಒಂದೇ ದಾರಿ. ಎದ್ದು ಅಡುಗೆಮನೆಗೆ ಹೋಗಿ, ಮೇಲಿನ ಡಬ್ಬಿ ಎತ್ತಿ, ಕೆಳಗಿನ ಡಬ್ಬಿಯೊಳಗೆ ಇಣುಕಬೇಕು. ಇಳಿದಿಲ್ಲವಾದರೆ ಮರಳಿ ಬಂದು ಪತ್ರಿಕೆ ಹಿಡಿಯಬೇಕು. ಐದು ನಿಮಿಷ ಬಿಟ್ಟು ಮತ್ತೆ ಹೋಗಬೇಕು. ಕಾಫಿಪ್ರಿಯರ ಮನೆಗಳಲ್ಲಿ ಇದು ದಿನನಿತ್ಯದ ಓಡಾಟ. ಇದೊಂದು ಸಮಸ್ಯೆಯೆಂದು ಯಾರೂ ಭಾವಿಸುವುದಿಲ್ಲ.

1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಇದೇ ಓಡಾಟವನ್ನು ಸಮಸ್ಯೆಯೆಂದು ಭಾವಿಸಿದವರು ಇಬ್ಬರಿದ್ದರು. ಅಲ್ಲಿ ಸುಮಾರು 15 ಮಂದಿ ಸಂಶೋಧಕರು ಸೇರಿ ಒಂದು ಕಾಫಿ ಯಂತ್ರ ಇಟ್ಟುಕೊಂಡಿದ್ದರು. ಅದು ಇದ್ದದ್ದು 'ಟ್ರೋಜನ್ ರೂಮ್' ಎಂದು ಕರೆಯಲಾಗುತ್ತಿದ್ದ ಕೋಣೆಯ ಹೊರಗಿನ ಓಣಿಯಲ್ಲಿ. ಆ ಕೋಣೆಯಲ್ಲಿ ಕೂರುವವರಿಗೆ ಚಿಂತೆಯಿಲ್ಲ. ಕಾಫಿ ಇಳಿದ ಪರಿಮಳ ಬಂದೊಡನೆ ಎದ್ದು ಬಟ್ಟಲು ತುಂಬಿಕೊಳ್ಳುತ್ತಿದ್ದರು. ಬೇರೆ ಮಹಡಿಯವರ ಪಾಡು ಬೇರೆ. ಮೆಟ್ಟಿಲು ಇಳಿದು, ಓಣಿ ದಾಟಿ ಬಂದರೆ ಪಾತ್ರೆ ಬರಿದು!

ಕ್ವೆಂಟಿನ್ ಸ್ಟಾಫರ್ಡ್-ಫ್ರೇಸರ್ ಮತ್ತು ಪಾಲ್ ಜಾರ್ಡೆಟ್ಸ್ಕಿ ಎಂಬ ಇಬ್ಬರು ಇದಕ್ಕೊಂದು ಉಪಾಯ ಹೂಡಿದರು. ಕಾಫಿ ಪಾತ್ರೆಗೆ ಎದುರಾಗಿ ಒಂದು ಕ್ಯಾಮೆರಾ ನಿಲ್ಲಿಸಿ, ಅದನ್ನು ಅಲ್ಲೇ ಇದ್ದ ಒಂದು ಕಂಪ್ಯೂಟರಿಗೆ ಜೋಡಿಸಿದರು. ಜಾರ್ಡೆಟ್ಸ್ಕಿ ಚಿತ್ರ ಕಳುಹಿಸುವ ತಂತ್ರಾಂಶ ಬರೆದರು. ಸ್ಟಾಫರ್ಡ್-ಫ್ರೇಸರ್ ಅದನ್ನು ಪ್ರತಿಯೊಬ್ಬರ ಕಂಪ್ಯೂಟರ್ ತೆರೆಯ ಮೂಲೆಯಲ್ಲಿ ತೋರಿಸುವ ತಂತ್ರಾಂಶ ಬರೆದರು. ಚಿತ್ರಕ್ಕೆ ಬಣ್ಣವಿರಲಿಲ್ಲ. ಅಡ್ಡಕ್ಕೆ 128, ಉದ್ದಕ್ಕೆ 128 ಚುಕ್ಕಿ. ಅಂದರೆ ಒಟ್ಟು 16,384 ಚುಕ್ಕಿಗಳು. ಈಗಿನ ಸಾಧಾರಣ ಮೊಬೈಲಿನ 12 ಮೆಗಾಪಿಕ್ಸೆಲ್ ಚಿತ್ರದಲ್ಲಿ ಇದರ ಏಳುನೂರು ಪಟ್ಟಿಗೂ ಹೆಚ್ಚು ಚುಕ್ಕಿಗಳಿರುತ್ತವೆ. ನಿಮಿಷಕ್ಕೆ ಸುಮಾರು ಮೂರು ಸಲ ಮಾತ್ರ ಆ ಚಿತ್ರ ಬದಲಾಗುತ್ತಿತ್ತು. ಕಾಫಿ ಇಳಿಯುವುದೂ ನಿಧಾನವಾಗಿಯೇ ಆದ್ದರಿಂದ ಅಷ್ಟು ಸಾಕಾಗಿತ್ತು.

1993ರ ನವೆಂಬರಿನಲ್ಲಿ ಅದೇ ಪ್ರಯೋಗಾಲಯದ ಡೇನಿಯಲ್ ಗೋರ್ಡನ್ ಮತ್ತು ಮಾರ್ಟಿನ್ ಜಾನ್ಸನ್ ಈ ಚಿತ್ರವನ್ನು ಆಗಷ್ಟೇ ಕಣ್ಣುಬಿಡುತ್ತಿದ್ದ ವಿಶ್ವವ್ಯಾಪಿ ಜಾಲಕ್ಕೆ ಸೇರಿಸಿದರು. ಆಮೇಲೆ ನಡೆದದ್ದು ವಿಚಿತ್ರ. ಕೇಂಬ್ರಿಜ್ ಎಲ್ಲಿದೆಯೆಂದೇ ತಿಳಿಯದವರು ಕೂಡ ಆ ಕಾಫಿ ಪಾತ್ರೆ ತುಂಬಿದೆಯೋ ಬರಿದಾಗಿದೆಯೋ ಎಂದು ನೋಡತೊಡಗಿದರು. ಇಂಗ್ಲೆಂಡಿನಲ್ಲಿ ರಾತ್ರಿಯಾದಾಗ ತಮಗೇನೂ ಕಾಣಿಸುವುದಿಲ್ಲ, ದಯವಿಟ್ಟು ಒಂದು ದೀಪ ಉರಿಸಿಡಿ ಎಂದು ಜಪಾನಿನಿಂದ ಕೋರಿಕೆ ಬಂತು! ಕೊನೆಗೆ ಪ್ರಯೋಗಾಲಯ ಹೊಸ ಕಟ್ಟಡಕ್ಕೆ ಸ್ಥಳಾಂತರವಾದಾಗ, 2001ರ ಆಗಸ್ಟ್ 22ರಂದು ಕ್ಯಾಮೆರಾ ಆರಿಸಲಾಯಿತು. ಕೊನೆಯ ಚಿತ್ರದಲ್ಲಿ ಕಂಡದ್ದು ಸ್ವಿಚ್ ಒತ್ತುತ್ತಿದ್ದ ಬೆರಳುಗಳು. ಆ ಹಳೆಯ ಪಾತ್ರೆಯನ್ನು ಜರ್ಮನಿಯ 'ಸ್ಪೀಗಲ್ ಆನ್‌ಲೈನ್' ಹರಾಜಿನಲ್ಲಿ 3,350 ಪೌಂಡ್ ಕೊಟ್ಟು ಕೊಂಡಿತು.

ಇಂದು ಮನೆಬಾಗಿಲಲ್ಲಿ, ಬಸ್ಸಿನಲ್ಲಿ, ರಸ್ತೆಯ ಸಿಗ್ನಲ್ ಕಂಬದಲ್ಲಿ ಕಾಣುವ ಜಾಲ ಸಂಪರ್ಕದ ಕ್ಯಾಮೆರಾಗಳ ವಂಶವೃಕ್ಷ ಹುಡುಕುತ್ತ ಹೋದರೆ ಬೇರಿನಲ್ಲಿ ಸಿಗುವುದು ಈ ಕಾಫಿ ಪಾತ್ರೆ.

ಅಂತರ್ಜಾಲವೆಂದರೆ ಉಪಗ್ರಹ, ಸಮುದ್ರದಡಿಯ ಕೇಬಲ್, ಕೋಟ್ಯಂತರ ಡಾಲರು ಬಂಡವಾಳ ಎಂದೇ ಸಾಮಾನ್ಯವಾಗಿ ತಿಳಿಯಲಾಗಿದೆ. ಅದು ನಿಜ. ಆದರೆ ಇಂದು ಶಾಲಾ ಮಕ್ಕಳಿಂದ ಹಿಡಿದು ಅಜ್ಜ-ಅಜ್ಜಿಯರವರೆಗೆ ಎಲ್ಲರೂ ಬಳಸುವ ಹಲವು ಜಾಲಾಭ್ಯಾಸಗಳು ಹುಟ್ಟಿದ್ದು ಕಂಪ್ಯೂಟರ್ ಮುಂದೆ ಕೂತವರ ಸಣ್ಣಪುಟ್ಟ ಕಿರಿಕಿರಿಗಳಿಂದ. ದಿನನಿತ್ಯದ ಬದುಕಿನಲ್ಲಿ ಎಲ್ಲರೂ ಕಂಡೂ ಕಾಣದಂತೆ ಬಿಟ್ಟದ್ದನ್ನು ಅವರು ಗಮನಿಸಿದರು, ಅಷ್ಟೆ.

ತಣ್ಣಗಿದೆಯೇ ಸೀಸೆ?

ಕಾಫಿ ಪಾತ್ರೆಗೂ ಒಬ್ಬ ಅಣ್ಣನಿದ್ದಾನೆ. ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದಲ್ಲಿ, 1982ರ ಸುಮಾರಿಗೆ, ಒಂದು ಕೋಕ್ ಮಾರಾಟ ಯಂತ್ರವಿತ್ತು. ವಿಭಾಗ ಬೆಳೆದಂತೆ ಹಲವರ ಕೋಣೆಗಳು ಯಂತ್ರದಿಂದ ದೂರವಾದವು. ಅಷ್ಟು ದೂರ ನಡೆದು ಹೋದರೆ ಒಮ್ಮೊಮ್ಮೆ ಯಂತ್ರ ಖಾಲಿ. ಇನ್ನೊಮ್ಮೆ ಸೀಸೆ ಇದ್ದರೂ ಆಗತಾನೇ ತುಂಬಿಸಿದ್ದರಿಂದ ಬೆಚ್ಚಗೆ!

ಅಲ್ಲಿನ ವಿದ್ಯಾರ್ಥಿಗಳು ಮತ್ತು ತಂತ್ರಜ್ಞರು ಮಾಡಿದ ಕೆಲಸ ವಿಜ್ಞಾನದ ವಿದ್ಯಾರ್ಥಿಗಳು ಗಮನಿಸುವಂಥದ್ದು. ಯಂತ್ರದೊಳಗೆ ಅವರು ಉಷ್ಣಮಾಪಕ ಇಡಲಿಲ್ಲ. ಸೀಸೆ ಎಣಿಸುವ ಸಾಧನವನ್ನೂ ಇಡಲಿಲ್ಲ. ಯಂತ್ರದ ಪ್ರತಿ ಸಾಲಿಗೂ 'ಖಾಲಿ' ಎಂದು ತೋರಿಸುವ ಒಂದು ಕೆಂಪು ದೀಪ ಮೊದಲಿನಿಂದಲೇ ಇತ್ತು. ಒಂದು ಸೀಸೆ ಮಾರಾಟವಾದಾಗ ಆ ದೀಪ ಕೆಲವು ಸೆಕೆಂಡು ಹೊತ್ತಿ ಆರುತ್ತಿತ್ತು. ಸಾಲು ಪೂರ್ತಿ ಬರಿದಾದರೆ ಹೊತ್ತಿಕೊಂಡೇ ಇರುತ್ತಿತ್ತು. ಮರಳಿ ತುಂಬಿಸಿದಾಗ ಆರುತ್ತಿತ್ತು. ಈ ದೀಪಗಳನ್ನು ಕಂಪ್ಯೂಟರಿಗೆ ಜೋಡಿಸಿ, ಹೊತ್ತುವ ಆರುವ ವೇಳೆ ಲೆಕ್ಕ ಹಾಕಿದರೆ ಎಲ್ಲವೂ ತಿಳಿಯುತ್ತದೆ! ಸೀಸೆ ಯಂತ್ರದೊಳಗೆ ಸೇರಿ ಮೂರು ಗಂಟೆ ಕಳೆದಿದ್ದರೆ 'ತಣ್ಣಗಿದೆ' ಎಂದು ಕಂಪ್ಯೂಟರ್ ತೋರಿಸುತ್ತಿತ್ತು. ಅಂತರ್ಜಾಲದ ಪೂರ್ವಜನಾದ 'ಅರ್ಪಾನೆಟ್'ಗೆ ಸೇರಿದ ಯಾವ ಕಂಪ್ಯೂಟರಿನಿಂದ ಬೇಕಾದರೂ ಆ ಸೀಸೆಗಳ ಕ್ಷೇಮಸಮಾಚಾರ ವಿಚಾರಿಸಬಹುದಾಗಿತ್ತು.

ನೇರವಾಗಿ ಅಳೆಯಲಾಗದ್ದನ್ನು ಅಳೆಯಬಹುದಾದ ಇನ್ನೊಂದರಿಂದ ಊಹಿಸುವುದು ವಿಜ್ಞಾನದ ಹಳೆಯ ಜಾಣ್ಮೆ. ಸೂರ್ಯನ ಬಳಿಗೆ ಯಾರೂ ಉಷ್ಣಮಾಪಕ ಒಯ್ದಿಲ್ಲ. ಅದರ ಬೆಳಕನ್ನು ನೋಡಿಯೇ ಮೇಲ್ಮೈಯ ಉಷ್ಣತೆ ಹೇಳಲಾಗಿದೆ. ಕೋಕ್ ಸೀಸೆಗೂ ಅದೇ ನ್ಯಾಯ.

ಪಾದರಸ ಚೆಲ್ಲಿದ ಲಿಫ್ಟ್

ಅದೇ ವಿಶ್ವವಿದ್ಯಾಲಯ, ಅದೇ 1982. ಅಲ್ಲಿನವರು ಕಂಪ್ಯೂಟರಿನಲ್ಲೇ ಒಂದು ಸೂಚನಾ ಫಲಕ ಇಟ್ಟುಕೊಂಡಿದ್ದರು. ಉಪನ್ಯಾಸದ ವೇಳೆ, ಕಳೆದುಹೋದ ವಸ್ತು, ಹರಟೆ ಎಲ್ಲವೂ ಅದರಲ್ಲಿ ಪ್ರಕಟವಾಗುತ್ತಿದ್ದವು. ಸೆಪ್ಟೆಂಬರಿನಲ್ಲಿ ಒಬ್ಬರು ಒಂದು ಭೌತವಿಜ್ಞಾನದ ಒಗಟು ಹಾಕಿದರು. ಒಂದು ಲಿಫ್ಟಿನ ಗೋಡೆಯಲ್ಲಿ ಉರಿಯುವ ಮೇಣದಬತ್ತಿಯಿದೆ, ನೆಲದ ಮೇಲೆ ಒಂದು ಹನಿ ಪಾದರಸವಿದೆ. ಲಿಫ್ಟಿನ ಹಗ್ಗ ಕಡಿದು ಅದು ಕೆಳಕ್ಕೆ ಬೀಳತೊಡಗಿದರೆ ಬತ್ತಿಗೇನಾಗುತ್ತದೆ, ಪಾದರಸಕ್ಕೇನಾಗುತ್ತದೆ?

ಓದುಗ ವಿದ್ಯಾರ್ಥಿಗಳು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬಹುದು. ಬೀಳುತ್ತಿರುವ ಲಿಫ್ಟಿನೊಳಗೆ ಎಲ್ಲವೂ ಒಂದೇ ವೇಗೋತ್ಕರ್ಷದಿಂದ ಬೀಳುವುದರಿಂದ ಒಳಗಿನ ವಸ್ತುಗಳಿಗೆ ತೂಕವೇ ಇಲ್ಲದಂತಾಗುತ್ತದೆ. ತೂಕವಿಲ್ಲದಾಗ ಬಿಸಿಗಾಳಿ ಮೇಲೇರುವುದಿಲ್ಲ. ಏಕೆಂದರೆ 'ಮೇಲೆ' ಎಂಬುದೇ ಉಳಿದಿರುವುದಿಲ್ಲ. ಆದ್ದರಿಂದ ಜ್ವಾಲೆ ಉದ್ದವಾಗಿ ನಿಲ್ಲದೆ ದುಂಡಗಾಗಿ ಮಂಕಾಗುತ್ತದೆ. ನೆಲಕ್ಕೆ ಅದುಮಿಕೊಂಡಿದ್ದ ಪಾದರಸದ ಹನಿ ಮೇಲ್ಮೈ ಎಳೆತದಿಂದ ಪೂರ್ಣ ಗೋಲಿಯಾಗುತ್ತದೆ.

ಈ ಚರ್ಚೆಯ ನಡುವೆ ಒಬ್ಬರು ತಮಾಷೆಗೆಂದು ಹೀಗೊಂದು ಎಚ್ಚರಿಕೆ ಹಾಕಿದರು: ಇತ್ತೀಚಿನ ಭೌತವಿಜ್ಞಾನ ಪ್ರಯೋಗವೊಂದರಿಂದಾಗಿ ಎಡತುದಿಯ ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆ, ಸ್ವಲ್ಪ ಸುಟ್ಟೂ ಇದೆ. ಹಿಂದಿನ ಒಗಟು ಓದದವರು ಇದನ್ನು ನಿಜವೆಂದೇ ನಂಬಿದರು. ಪಾದರಸ ವಿಷ, ಗಾಬರಿಯಾಗುವುದು ಸಹಜವೇ. ಎದುರಿಗೆ ನಿಂತು ಹೇಳಿದ್ದರೆ ಹೇಳಿದವನ ಮುಖದ ಕಿರುನಗೆ ಕಾಣುತ್ತಿತ್ತು. ಬರೀ ಅಕ್ಷರದಲ್ಲಿ ನಗೆ ಕಾಣುವುದು ಹೇಗೆ?

ತಮಾಷೆಯ ಮಾತಿಗೆ ಗುರುತು ಹಾಕೋಣವೆಂದು ಸಲಹೆಗಳು ಬಂದವು. ಒಬ್ಬರು ನಕ್ಷತ್ರ ಚಿಹ್ನೆ ಸೂಚಿಸಿದರು. ಇನ್ನೊಬ್ಬರು # ಚಿಹ್ನೆಯೇ ಒಳ್ಳೆಯದು, ಅದು ತುಟಿಗಳ ನಡುವಿನ ಹಲ್ಲಿನಂತೆ ಕಾಣುತ್ತದೆ ಎಂದರು. ಸೆಪ್ಟೆಂಬರ್ 19ರಂದು ಸ್ಕಾಟ್ ಫಾಲ್‌ಮನ್ ಎಂಬ ಅಧ್ಯಾಪಕರು ಮೂರು ಚಿಹ್ನೆ ಜೋಡಿಸಿ :-) ಎಂದು ಬರೆದು, ತಲೆಯನ್ನು ಪಕ್ಕಕ್ಕೆ ವಾಲಿಸಿ ಓದಿರೆಂದು ತಿಳಿಸಿದರು. ತಮಾಷೆಯಲ್ಲದ್ದಕ್ಕೆ :-( ಇರಲಿ ಎಂದರು. ಬರೆದು ಮರೆತೂಬಿಟ್ಟರು. ಅದನ್ನು ಯಾರೂ ಜೋಪಾನ ಮಾಡಿರಲಿಲ್ಲ. ಇಪ್ಪತ್ತು ವರ್ಷಗಳ ನಂತರ, 2002ರಲ್ಲಿ, ಹಳೆಯ ಕಂಪ್ಯೂಟರ್ ಟೇಪುಗಳನ್ನು ಹುಡುಕಿ ತೆಗೆದು ಆ ಸಂದೇಶವನ್ನು ಮತ್ತೆ ಓದಲಾಯಿತು.

1999ರಲ್ಲಿ ಜಪಾನಿನ ಡೊಕೊಮೊ ಕಂಪನಿಗಾಗಿ ಶಿಗೆತಾಕಾ ಕುರಿತಾ 176 ಪುಟ್ಟ ಚಿತ್ರಗಳನ್ನು ರಚಿಸಿದರು. ಅಂಥ ಚಿತ್ರಗಳೇ ಬೆಳೆದು ಇಂದಿನ 'ಎಮೋಜಿ'ಗಳಾಗಿವೆ. ಮದುವೆಯ ಕರೆಯೋಲೆಗೆ ಕೈಮುಗಿಯುವ ಚಿತ್ರ ಕಳುಹಿಸುವ ಹಿರಿಯರಿಗೂ, ಅರ್ಧ ವಾಕ್ಯಕ್ಕೆ ಮೂರು ನಗುಮುಖ ಸೇರಿಸುವ ಕಿರಿಯರಿಗೂ, ಅಂದು ಚೆಲ್ಲದೇ ಇದ್ದ ಆ ಪಾದರಸದ ಋಣ ಸ್ವಲ್ಪವಾದರೂ ಇದೆ.

ಬೆಂಗಳೂರಿನ ಹುಡುಗನ ಅಂಚೆಪೆಟ್ಟಿಗೆ

ಈ ಕಥೆಯಲ್ಲಿ ಬೆಂಗಳೂರಿಗೂ ಒಂದು ಪಾಲಿದೆ. ಬೆಂಗಳೂರಿನಲ್ಲಿ ಬೆಳೆದು, ಸೇಂಟ್ ಜೋಸೆಫ್ ಶಾಲೆಯಲ್ಲಿ ಓದಿದ ಸಬೀರ್ ಭಾಟಿಯಾ ಅಮೆರಿಕದಲ್ಲಿ ಎಂಜಿನಿಯರ್ ಆಗಿ ಕೆಲಸಕ್ಕಿದ್ದರು. ಅವರೂ ಸಹೋದ್ಯೋಗಿ ಜಾಕ್ ಸ್ಮಿತ್ ಅವರೂ ಸೇರಿ ಸ್ವಂತದ್ದೊಂದು ಉದ್ಯಮ ಆರಂಭಿಸುವ ಯೋಚನೆಯಲ್ಲಿದ್ದರು. ಆದರೆ ಆ ವಿಚಾರವನ್ನು ಕಚೇರಿಯ ಇ-ಮೇಲ್‌ನಲ್ಲಿ ಬರೆಯುವಂತಿಲ್ಲ. ಮೇಲಧಿಕಾರಿಗಳ ಕಣ್ಣಿಗೆ ಬಿದ್ದರೆ ಕಷ್ಟ. ಕಚೇರಿಯ ಜಾಲಕ್ಕೆ ಹಾಕಿದ ರಕ್ಷಣಾಗೋಡೆಯಿಂದಾಗಿ ಅಲ್ಲಿ ಕೂತು ಸ್ವಂತ ಅಂಚೆ ತೆರೆಯುವುದೂ ಸಾಧ್ಯವಿರಲಿಲ್ಲ.

ಆದರೆ ಜಾಲಪುಟಗಳು ಮಾತ್ರ ಎಲ್ಲಿ ಕೂತರೂ ತೆರೆಯುತ್ತಿದ್ದವು! ಹಾಗಿದ್ದರೆ ಅಂಚೆಪೆಟ್ಟಿಗೆಯನ್ನೇ ಜಾಲಪುಟದೊಳಗೆ ಇಟ್ಟರೆ? ಇಷ್ಟೇ ಅವರಿಗೆ ಹೊಳೆದದ್ದು. 1996ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದೇ, 'ಹಾಟ್‌ಮೇಲ್' ಆರಂಭವಾಯಿತು. ಹಣವಿಲ್ಲ, ಸ್ವಂತ ಕಂಪ್ಯೂಟರ್ ಬೇಕಿಲ್ಲ, ಪ್ರಪಂಚದ ಯಾವ ಮೂಲೆಯಿಂದ ಬೇಕಾದರೂ ಅಂಚೆ ನೋಡಬಹುದು. ಕಳುಹಿಸಿದ ಪ್ರತಿ ಪತ್ರದ ಅಡಿಯಲ್ಲೂ 'ನೀವೂ ಉಚಿತ ಅಂಚೆ ಪಡೆಯಿರಿ' ಎಂಬರ್ಥದ ಒಂದು ಸಾಲು ತಾನಾಗಿ ಸೇರುತ್ತಿತ್ತು. ಪತ್ರ ಬರೆಯುವವರೇ ಜಾಹೀರಾತುದಾರರಾದರು. 1997ರ ಕೊನೆಗೆ ಮೈಕ್ರೊಸಾಫ್ಟ್ ಕಂಪನಿ ಅದನ್ನು ಕೊಂಡುಕೊಂಡಿತು.

ಅದೇ 1996ರ ಜುಲೈ ತಿಂಗಳಲ್ಲಿ, ಚಿಕ್ಕಮಗಳೂರು ಮೂಲದ ಕಾಫಿ ಬೆಳೆಗಾರರ ಕುಟುಂಬದ ವಿ.ಜಿ. ಸಿದ್ಧಾರ್ಥ ಅವರು ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ 'ಕೆಫೆ ಕಾಫಿ ಡೇ' ತೆರೆದರು. ಅಲ್ಲಿ ಕಾಫಿಯ ಜೊತೆಗೆ ಸಿಗುತ್ತಿದ್ದದ್ದು ಅಂತರ್ಜಾಲ! ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ದೊರೆತು ಆಗಿನ್ನೂ ಒಂದು ವರ್ಷವೂ ತುಂಬಿರಲಿಲ್ಲ. ವಿದೇಶ ಸಂಚಾರ ನಿಗಮ ಆ ಸೇವೆ ಆರಂಭಿಸಿದ್ದು 1995ರ ಆಗಸ್ಟ್ 15ರಂದು. ಮುಂದೆ ಬೀದಿಗೊಂದರಂತೆ ಸೈಬರ್ ಕೆಫೆಗಳು ತಲೆಯೆತ್ತಿದವು. ಗಂಟೆಗಿಷ್ಟೆಂದು ಹಣ ತೆತ್ತು, ಗಡಿಯಾರ ನೋಡುತ್ತ, ಅಮೆರಿಕದ ಅಣ್ಣನಿಗೋ ಮುಂಬಯಿಯ ಕಂಪನಿಗೋ ಪತ್ರ ಕಳುಹಿಸಿದ ದಿನಗಳನ್ನು ಇಂದಿನ ಅನೇಕ ತಂದೆತಾಯಿಯರು ಮರೆತಿರಲಾರರು. ಆ ಗಡಿಯಾರವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಅದರ ಪ್ರಸ್ತಾಪ ಬರಲಿದೆ.

ಹತ್ತು ಸೆಕೆಂಡಿನ ಲೆಕ್ಕ

ಉಚಿತ ಅಂಚೆ ಬಂದದ್ದೇ ತಡ, ಕಿಡಿಗೇಡಿಗಳೂ ಬಂದರು. ತಂತ್ರಾಂಶಗಳ ಮೂಲಕ ಸಾವಿರಾರು ಸುಳ್ಳು ಖಾತೆ ತೆರೆದು ಬೇಡದ ಜಾಹೀರಾತುಗಳನ್ನು ಹರಿಯಬಿಡತೊಡಗಿದರು. ಖಾತೆ ತೆರೆಯುತ್ತಿರುವುದು ಮನುಷ್ಯನೋ ಯಂತ್ರವೋ ಎಂದು ಕಂಡುಹಿಡಿಯುವುದು ಹೇಗೆ? 2000ದಲ್ಲಿ ಕಾರ್ನೆಗಿ ಮೆಲನ್‌ನಲ್ಲಿಯೇ ಮ್ಯಾನುಯೆಲ್ ಬ್ಲಮ್ ಎಂಬ ಪ್ರಾಧ್ಯಾಪಕರೂ ಗ್ವಾಟೆಮಾಲ ದೇಶದಿಂದ ಬಂದ ಅವರ ವಿದ್ಯಾರ್ಥಿ ಲೂಯಿಸ್ ಫಾನ್ ಆನ್ ಮತ್ತು ಸಂಗಡಿಗರೂ 'ಕ್ಯಾಪ್ಚಾ' ಎಂಬ ಪರೀಕ್ಷೆ ರೂಪಿಸಿದರು. ಸೊಟ್ಟಸೊಟ್ಟಾದ ಅಕ್ಷರಗಳನ್ನು ತೋರಿಸಿ 'ಇದನ್ನು ಓದಿ ಬರೆ' ಎನ್ನುವುದು. ಮನುಷ್ಯನ ಕಣ್ಣಿಗೆ ಸುಲಭ, ಅಂದಿನ ಯಂತ್ರಕ್ಕೆ ಕಷ್ಟ. ಪರೀಕ್ಷೆಯ ಫಲಿತಾಂಶ ನೋಡುವಾಗ, ರೈಲ್ವೆ ಟಿಕೆಟ್ ಕಾದಿರಿಸುವಾಗ ಅಂಥ ಸೊಟ್ಟಕ್ಷರಗಳನ್ನು ಟೈಪು ಮಾಡದವರು ವಿರಳ.

ಈ ಯಶಸ್ಸಿನಿಂದ ಫಾನ್ ಆನ್ ಬೀಗಬಹುದಿತ್ತು. ಅವರು ಲೆಕ್ಕ ಹಾಕಿದರು. ಪ್ರಪಂಚದಲ್ಲಿ ದಿನಕ್ಕೆ ಸುಮಾರು 20 ಕೋಟಿ ಕ್ಯಾಪ್ಚಾಗಳನ್ನು ಜನ ಬಿಡಿಸುತ್ತಿದ್ದಾರೆ. ಒಂದಕ್ಕೆ ಹತ್ತು ಸೆಕೆಂಡು. ಒಟ್ಟು 200 ಕೋಟಿ ಸೆಕೆಂಡು. ಅದನ್ನು 3,600ರಿಂದ ಭಾಗಿಸಿದರೆ ಐದು ಲಕ್ಷ ಗಂಟೆಗೂ ಹೆಚ್ಚು! ತಮ್ಮ ಉಪಕರಣ ದಿನವೊಂದಕ್ಕೆ ಮನುಷ್ಯಕುಲದ ಐದು ಲಕ್ಷ ಗಂಟೆ ತಿನ್ನುತ್ತಿದೆ ಎಂದು ಅವರಿಗೆ ಅರಿವಾಯಿತು.

ಆ ಸಮಯವನ್ನು ಉಪಯುಕ್ತವಾಗಿಸುವ ದಾರಿಯನ್ನೂ ಅವರು ಹುಡುಕಿದರು. ಹಳೆಯ ಪುಸ್ತಕ, ಪತ್ರಿಕೆಗಳನ್ನು ಕಂಪ್ಯೂಟರಿಗೆ ಏರಿಸುವಾಗ ಮಾಸಿದ ಪದಗಳನ್ನು ಯಂತ್ರ ಓದಲಾರದು. ಅಂಥ ಒಂದು ಪದವನ್ನೂ, ಉತ್ತರ ಗೊತ್ತಿರುವ ಇನ್ನೊಂದು ಪದವನ್ನೂ ಜೊತೆಯಾಗಿ ತೋರಿಸುವುದು. ಗೊತ್ತಿರುವುದನ್ನು ಸರಿಯಾಗಿ ಬರೆದವನು ಗೊತ್ತಿಲ್ಲದ್ದನ್ನೂ ಸರಿಯಾಗಿಯೇ ಓದಿರುತ್ತಾನೆಂದು ನಂಬುವುದು. ಹಲವರು ಒಂದೇ ಉತ್ತರ ಕೊಟ್ಟರೆ ಅದು ಖಚಿತ. 2007ರಲ್ಲಿ ಆರಂಭವಾದ ಈ 'ರೀಕ್ಯಾಪ್ಚಾ'ದ ಮೂಲಕ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹಳೆಯ ಸಂಚಿಕೆಗಳು ಓದಲು ದೊರೆಯುವಂತಾದವು. ಹನಿಗೂಡಿದರೆ ಹಳ್ಳ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ತಳವಿಲ್ಲದ ಪುಟ

ಇಷ್ಟೂ ಸಂತೋಷದ ಕಥೆಗಳು. ಇನ್ನೊಂದು ಕಥೆ ಹೇಳದಿದ್ದರೆ ಲೆಕ್ಕ ಪೂರ್ತಿಯಾಗದು.

2006ರಲ್ಲಿ ಏಜಾ ರಾಸ್ಕಿನ್ ಎಂಬ ಅಮೆರಿಕದ ಯುವ ವಿನ್ಯಾಸಕಾರ ಇನ್ನೊಂದು ಸಣ್ಣ ಕಿರಿಕಿರಿಯನ್ನು ಗಮನಿಸಿದರು. ಆಪಲ್ ಕಂಪನಿಯಲ್ಲಿ ಮ್ಯಾಕಿಂಟಾಶ್ ಯೋಜನೆ ಆರಂಭಿಸಿದ ಜೆಫ್ ರಾಸ್ಕಿನ್ ಅವರ ಮಗ ಈತ. ಕಂಪ್ಯೂಟರ್ ಬಳಸುವವರಿಗೆ ಎಲ್ಲವೂ ಸುಗಮವಾಗಬೇಕೆಂಬುದು ಆ ಮನೆಯ ಮಾತು. ಜಾಲದಲ್ಲಿ ಏನಾದರೂ ಹುಡುಕಿದರೆ ಹತ್ತು ಫಲಿತಾಂಶ ಬರುತ್ತದೆ. ಪುಟದ ಅಡಿಗೆ ಹೋಗಿ 'ಮುಂದಿನ ಪುಟ' ಎಂಬುದನ್ನು ಒತ್ತಬೇಕು, ಕಾಯಬೇಕು, ಮತ್ತೆ ಓದಬೇಕು. ಓದುಗ ಅಷ್ಟು ಕೆಳಗೆ ಬಂದಿದ್ದಾನೆಂದರೆ ಅವನಿಗೆ ಇನ್ನಷ್ಟು ಬೇಕೆಂದೇ ಅರ್ಥವಲ್ಲವೇ? ಅವನಿಂದ ಮತ್ತೆ ಕೇಳಿಸಿಕೊಳ್ಳುವುದೇಕೆ? ಅಡಿ ತಲುಪುವ ಮೊದಲೇ ಮುಂದಿನದನ್ನು ತಂದು ಜೋಡಿಸಿಬಿಟ್ಟರಾಯಿತು. ಹೀಗೆ ಹುಟ್ಟಿತು ಕೊನೆಯೇ ಇಲ್ಲದ ಪುಟ.

ಉದ್ದೇಶ ಒಳ್ಳೆಯದೇ, ಕೇಂಬ್ರಿಜ್‌ನ ಕಾಫಿ ಪಾತ್ರೆಯಷ್ಟೇ ನಿರುಪದ್ರವಿ. ಆದರೆ ಮುಂದಿನ ವರ್ಷಗಳಲ್ಲಿ ಸಾಮಾಜಿಕ ಜಾಲತಾಣಗಳು ಈ ತಂತ್ರವನ್ನು ಬಾಚಿಕೊಂಡವು. ಚಿತ್ರ, ಸುದ್ದಿ, ಚಿಕ್ಕ ವೀಡಿಯೊಗಳು ಒಂದರ ಹಿಂದೊಂದು ಬರತೊಡಗಿದವು. ಹೆಬ್ಬೆರಳು ಮೇಲೆ ತಳ್ಳಿದಷ್ಟೂ ಹೊಸತು. ತಳ ಸಿಗುವುದೇ ಇಲ್ಲ.

ಇಲ್ಲಿ ಆದದ್ದೇನು? 'ಮುಂದಿನ ಪುಟ' ಎಂಬ ಗುಂಡಿ ಬರೀ ಅಡ್ಡಿಯಾಗಿರಲಿಲ್ಲ, ಅದೊಂದು ಪ್ರಶ್ನೆಯೂ ಆಗಿತ್ತು. 'ಇನ್ನೂ ಬೇಕೇ, ಸಾಕೇ?' ಎಂದು ಅದು ಕೇಳುತ್ತಿತ್ತು. ಬಾಳೆಲೆಯ ಮುಂದೆ ಬಡಿಸುವವರು ಸಾರಿನ ಪಾತ್ರೆ ಹಿಡಿದು ನಿಂತು ಕೇಳುತ್ತಾರಲ್ಲ, ಹಾಗೆ. ಕೇಳದೆಯೇ ಬಡಿಸುತ್ತ ಹೋದರೆ ಹೊಟ್ಟೆ ತುಂಬಿದ್ದು ಉಣ್ಣುವವನಿಗೆ ತಡವಾಗಿ ತಿಳಿಯುತ್ತದೆ. ಕಾದಂಬರಿಗೆ ಅಧ್ಯಾಯದ ಕೊನೆಯಿದೆ, ಶಾಲೆಗೆ ಗಂಟೆಯಿದೆ, ಸೈಬರ್ ಕೆಫೆಯ ಗೋಡೆಗೆ ಗಡಿಯಾರವಿತ್ತು. ಕೊನೆಯಿಲ್ಲದ ಪುಟಕ್ಕೆ ಇವಾವುದೂ ಇಲ್ಲ.

ಜೊತೆಗೆ ಇನ್ನೊಂದು ಸಂಗತಿಯೂ ಸೇರಿತು. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ನಡೆಸಿದ್ದರು. ಗುಂಡಿಯನ್ನು ಕೊಕ್ಕಿನಿಂದ ಕುಕ್ಕಿದಾಗಲೆಲ್ಲ ಕಾಳು ಸಿಕ್ಕರೆ, ಕಾಳು ನಿಂತೊಡನೆ ಪಾರಿವಾಳ ಬೇಗನೆ ಕುಕ್ಕುವುದನ್ನು ಬಿಡುತ್ತದೆ. ಆದರೆ ಯಾವಾಗ ಸಿಗುತ್ತದೆಂದು ಹೇಳಲಾಗದಂತೆ, ಒಮ್ಮೆ ಕೊಟ್ಟು ಹಲವು ಸಲ ಕೊಡದೆ ಇದ್ದರೆ, ಕಾಳು ಪೂರ್ತಿ ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ. ಹತ್ತು ಸಪ್ಪೆ ವೀಡಿಯೊಗಳ ನಡುವೆ ಒಂದು ಸ್ವಾರಸ್ಯದ್ದು ಬಂದಾಗ ಹೆಬ್ಬೆರಳಿಗಾಗುವುದೂ ಅದೇ. ಮುಂದಿನದು ಚೆನ್ನಾಗಿದ್ದೀತು ಎಂಬ ಆಸೆ ಬಿಡಿಸುವುದಿಲ್ಲ. ಹಾಗಾಗಿ ತುಂಟ ಮಕ್ಕಳು ಮಾತ್ರವಲ್ಲ, ಶಿಸ್ತಿನ ದೊಡ್ಡವರೂ ಇದರಲ್ಲಿ ಸಿಕ್ಕಿಬೀಳುತ್ತಾರೆ. ಇದು ಸ್ವಭಾವದ ದೋಷವೆಂದು ಮಕ್ಕಳನ್ನು ಜರೆಯುವ ಮೊದಲು ಪಾರಿವಾಳವನ್ನು ನೆನೆಯುವುದು ಒಳ್ಳೆಯದು.

ತಾವು ಕಂಡುಹಿಡಿದದ್ದು ಏನಾಯಿತೆಂದು ರಾಸ್ಕಿನ್ ನಂತರ ಬಹಿರಂಗವಾಗಿಯೇ ವಿಷಾದ ವ್ಯಕ್ತಪಡಿಸಿದರು. ತಂತ್ರಜ್ಞಾನ ಮನುಷ್ಯರಿಗೆ ಹಿತವಾಗಿರಬೇಕೆಂದು ಪ್ರಚಾರ ಮಾಡುವ ಸಂಸ್ಥೆಯೊಂದನ್ನು 2018ರಲ್ಲಿ ಸ್ಥಾಪಿಸಿದವರಲ್ಲಿ ಅವರೂ ಒಬ್ಬರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ತಂತ್ರಜ್ಞಾನದ ಅತಿಬಳಕೆಯಿಂದ ಬಳಲುವವರಿಗೆಂದೇ 'ಷಟ್' ಎಂಬ ಚಿಕಿತ್ಸಾಲಯವನ್ನು 2014ರಲ್ಲಿಯೇ ತೆರೆದಿದೆ. ತಜ್ಞರು ಪ್ರತ್ಯೇಕ ಚಿಕಿತ್ಸಾಲಯ ತೆರೆಯಬೇಕಾಗುವಷ್ಟು ಇದು ನಿಜವಾದ ತೊಂದರೆ.

ಮನೆಯಲ್ಲೊಂದು ಪ್ರಯೋಗ

ಫಾನ್ ಆನ್ ಹಾಕಿದ ಲೆಕ್ಕವನ್ನು ಪ್ರತಿ ವಿದ್ಯಾರ್ಥಿಯೂ ಹಾಕಬಹುದು. ದಿನಕ್ಕೆ ಬರೀ ಅರ್ಧ ಗಂಟೆ ಪುಟ ಜಾರಿಸುವುದರಲ್ಲಿ ಕಳೆದರೆ ವರ್ಷಕ್ಕೆ 182 ಗಂಟೆಗೂ ಮಿಗುತ್ತದೆ. ಶಾಲೆಯ ದಿನ ಆರು ಗಂಟೆಯೆಂದು ಹಿಡಿದರೆ ಅದು 30 ಶಾಲಾದಿನ. ಎರಡು ಗಂಟೆ ಕಳೆಯುವವರಿಗೆ 120 ಶಾಲಾದಿನ; ಅಂದರೆ ಶೈಕ್ಷಣಿಕ ವರ್ಷದ ಅರ್ಧದಷ್ಟು! ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಹತ್ತಿರ ಬಂದಾಗ ಸಮಯ ಸಾಲದೆಂದು ಕೊರಗುವವರು ಈ ಗುಣಾಕಾರವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಬೇಕು.

ಹಾಗೆಂದು ಮೊಬೈಲನ್ನು ಬಾವಿಗೆ ಎಸೆಯಬೇಕಿಲ್ಲ. ಪಾಠಗಳೂ, ಸೂಚನೆಗಳೂ, ಒಳ್ಳೆಯ ಉಪನ್ಯಾಸಗಳೂ ಇಂದು ಅದರಲ್ಲಿಯೇ ಇವೆ. ಬೇಕಾದದ್ದು ಒಂದು ವಾರದ ಪ್ರಯೋಗ. ಮೊದಲ ಮೂರು ದಿನ ಏನನ್ನೂ ಬದಲಿಸದೆ ಗಮನಿಸುವುದು ಮಾತ್ರ. ಒಂದು ಹಾಳೆಯಲ್ಲಿ, ಕೆಲಸವಿಲ್ಲದೆ ಕೈ ಮೊಬೈಲಿನ ಕಡೆ ಹೋದಾಗಲೆಲ್ಲ ಒಂದು ಗೀಟು ಎಳೆಯಬೇಕು. ವೇಳೆಯನ್ನೂ ಬರೆಯಬೇಕು. ಎಷ್ಟು ಹೊತ್ತು ಬಳಕೆಯಾಯಿತೆಂದು ಈಗ ಮೊಬೈಲೇ ತೋರಿಸುತ್ತದೆ; ಅದನ್ನೂ ದಿನದ ಕೊನೆಗೆ ದಾಖಲಿಸಬೇಕು. ಮುಂದಿನ ನಾಲ್ಕು ದಿನ ಒಂದೇ ಒಂದು ಬದಲಾವಣೆ: ಓದುವ ಹೊತ್ತಿನಲ್ಲಿ ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಇಲ್ಲವೇ, ನೋಡಲು ಕೂರುವ ಮೊದಲೇ ಅಡುಗೆಮನೆಯ ಗಡಿಯಾರಕ್ಕೆ ಇಪ್ಪತ್ತು ನಿಮಿಷದ ಅಲಾರಂ ಇಡಲಿ. ಪುಟಕ್ಕೆ ತಳವಿಲ್ಲದಿದ್ದರೆ ತಳವನ್ನು ನಾವೇ ಹಾಕಿಕೊಳ್ಳಬೇಕು. ವಾರದ ಕೊನೆಗೆ ಗೀಟುಗಳನ್ನು ಎಣಿಸಿ ಹೋಲಿಸಿದರೆ ಫಲಿತಾಂಶ ಕಣ್ಣಮುಂದಿರುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕೆಂಬುದು ಪ್ರಯೋಗಶಾಲೆಯ ನಿಯಮ. ಮನೆಗೂ ಅದು ಸಲ್ಲುತ್ತದೆ.

ತಂದೆತಾಯಿಯರಿಗೂ ಒಂದು ಮಾತು. ಈ ಹಾಳೆಯಲ್ಲಿ ಅವರಿಗೂ ಒಂದು ಸಾಲು ಇರಬೇಕು. ಊಟದ ಹೊತ್ತಿನಲ್ಲಿ ಅಪ್ಪನ ಕೈ ಎಷ್ಟು ಸಲ ಮೊಬೈಲಿನತ್ತ ಹೋಯಿತೆಂದು ಮಗಳು ಗೀಟು ಎಳೆದರೆ ಅಪ್ಪ ಸಿಟ್ಟಾಗಬಾರದು. ಮನೆಯವರೆಲ್ಲ ಒಟ್ಟಿಗೆ ಅಳೆದುಕೊಂಡ ಮನೆಯಲ್ಲಿ ಜಗಳ ಕಡಿಮೆ. ಒಬ್ಬರು ಅಳೆದು ಇನ್ನೊಬ್ಬರು ಅಳೆಸಿಕೊಳ್ಳುವ ಮನೆಯಲ್ಲಿ ಮಾತು ಬೆಳೆಯುತ್ತದೆ.

ಇನ್ನೊಂದು ಲಾಭವೂ ಇದೆ. ಬರಿದಾದ ಕಾಫಿ ಪಾತ್ರೆ, ಬೆಚ್ಚಗಿನ ಸೀಸೆ, ಅರ್ಥವಾಗದ ತಮಾಷೆ, ತೆರೆಯದ ಅಂಚೆ, ಇವೆಲ್ಲ ಸಾವಿರಾರು ಜನರ ಕಣ್ಣಿಗೆ ಬಿದ್ದೇ ಇದ್ದವು. ಕೆಲವರು ಮಾತ್ರ ನಿಂತು ನೋಡಿ, 'ಹೀಗೇಕೆ?' ಎಂದು ಕೇಳಿದರು. ಹಾಗೆ ಕೇಳಲು ಸುತ್ತಮುತ್ತ ನೋಡುವ ಬಿಡುವು ಬೇಕು. ತಲೆ ತಗ್ಗಿಸಿ ಕೊನೆಯಿಲ್ಲದ ಪುಟ ಜಾರಿಸುತ್ತಿರುವವರಿಗೆ ಆ ಬಿಡುವು ಎಲ್ಲಿಂದ ಬರಬೇಕು? ಬಸ್ ನಿಲ್ದಾಣದಲ್ಲಿ ಬೇಸರದಿಂದ ಕಾಯುವ ಹತ್ತು ನಿಮಿಷದಲ್ಲಿ, ಹಾಲು ಉಕ್ಕುವುದನ್ನು ಕಾಯುತ್ತ ಒಲೆಯ ಮುಂದೆ ನಿಂತ ಐದು ನಿಮಿಷದಲ್ಲಿ, ನಾಳಿನ ಒಬ್ಬ ತಂತ್ರಜ್ಞೆಗೆ ಏನಾದರೂ ಹೊಳೆಯಬಹುದು.

ಅಂದಹಾಗೆ, ಕೇಂಬ್ರಿಜ್‌ನ ಆ ಕಾಫಿ ಪಾತ್ರೆ ಈಗ ಜರ್ಮನಿಯ ಪಾಡರ್‌ಬೋರ್ನ್ ನಗರದ ಕಂಪ್ಯೂಟರ್ ವಸ್ತುಸಂಗ್ರಹಾಲಯ ಸೇರಿದೆ. ನಮ್ಮ ಮನೆಯ ಫಿಲ್ಟರ್ ಮಾತ್ರ ಅಡುಗೆಮನೆಯಲ್ಲೇ ಇದೆ. ಡಿಕಾಕ್ಷನ್ ಇಳಿಯಿತೇ ಎಂದು ಎದ್ದುಹೋಗಿ ನೋಡಲು ಅಡ್ಡಿಯಿಲ್ಲ. ಹೋಗುವಾಗ ಮೊಬೈಲನ್ನು ಮೇಜಿನ ಮೇಲೆಯೇ ಬಿಟ್ಟು ಹೋದರಾಯಿತು.